ಕಲ್ಯಾಣ್ ಕುಮಾರ್ ಯಾರ ಖಾತೆಗೆ?

ಬ್ರಿಡ್ಜ್‌ವಾಟರ್‌ನ ವೆಂಕಟೇಶ್ವರ ದೇವಸ್ಥಾನದ ಕ್ಯಾಂಟೀನಿನಲ್ಲಿ ಭಾನುವಾರ ಮಧ್ಯಾಹ್ನ ಕೂರಲು ಜಾಗ ಸಿಗುವುದೇ ಪುಣ್ಯ. ಸಿಕ್ಕರೂ ಮೇಜನ್ನು ಅಪರಿಚಿತರೊಡನೆ ಹಂಚಿಕೊಳ್ಳಬೇಕು. ಹಾಗೆ ಎದುರಿಗೆ ಬಂದು ಕೂತ ತಮಿಳು ಹಿರಿಯರೊಬ್ಬರು, ಪುಳಿಯೋಗರೆ ಮುಗಿಯುವಷ್ಟರಲ್ಲಿ ಹಳೆಯ ಸಿನಿಮಾದ ಮಾತಿಗೆ ಇಳಿದರು. ಅವರು ಹುಡುಗನಾಗಿದ್ದಾಗ ನೋಡಿದ ‘ನೆಂಜಿಲ್ ಓರ್ ಆಲಯಂ’ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆಯಂತೆ. ಅದರಲ್ಲಿ ಡಾಕ್ಟರ ಪಾತ್ರ ಮಾಡಿದ ಕಲ್ಯಾಣ್ ಕುಮಾರ್ ಎಂಥ ನಟ, ನಮ್ಮವನು, ಆಮೇಲೆ ಎಲ್ಲಿ ಮಾಯವಾದನೋ ಎಂದರು. ಅವರು ನಮ್ಮವರು ಸಾರ್, ಕನ್ನಡದವರು ಎಂದೆ. ನಂಬಲಿಲ್ಲ. ಫೋನು ತೆಗೆದು ‘ಅಮರಶಿಲ್ಪಿ ಜಕಣಾಚಾರಿ’ಯ ಒಂದು ದೃಶ್ಯ ತೋರಿಸಿದೆ. ಉಳಿ ಹಿಡಿದ ಆ ಮುಖವನ್ನು ಬಹಳ ಹೊತ್ತು ನೋಡಿ, “ಹೌದು, ಅವನೇ” ಎಂದರು. ತಮ್ಮ ಮನೆಯ ಹುಡುಗನನ್ನು ಬೇರೆಯವರ ಮದುವೆಯ ಫೋಟೋದಲ್ಲಿ ಕಂಡವರ ಹಾಗಿತ್ತು ಅವರ ದನಿ.

ನಮ್ಮ ಮನೆಯಲ್ಲಿ, ಅಂದರೆ ತುಮಕೂರಿನಲ್ಲಿ, ಕಲ್ಯಾಣ್ ಕುಮಾರ್ ಕುರಿತು ಅಪ್ಪನದು ಒಂದೇ ಸಾಲಿನ ತೀರ್ಪು: ಒಳ್ಳೆಯ ನಟ, ತಮಿಳಿಗೆ ಹೋಗಿ ಕೆಟ್ಟ. ದೂರದರ್ಶನದಲ್ಲಿ ವಾರಾಂತ್ಯದ ಕನ್ನಡ ಚಿತ್ರ ನೋಡುತ್ತಾ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ. ನಾನು ಓದಿದ್ದು ಬಿಕಾಂ, ಆಮೇಲೆ ಸಿಎ. ಇಲ್ಲಿ ನ್ಯೂಜರ್ಸಿಯಲ್ಲಿ ಹೊಟ್ಟೆಪಾಡು ಕೂಡ ಲೆಕ್ಕದ್ದೇ. ಒಂದು ಮೊತ್ತ ಒಂದು ಖಾತೆಯಲ್ಲಿ ಅರ್ಧ, ಇನ್ನೊಂದು ಖಾತೆಯಲ್ಲಿ ಅರ್ಧ ಬರೆದು, ಎರಡೂ ಕಡೆ ತಾಳೆಯಾಗದೆ ನಿಂತಿದ್ದರೆ ನನಗೆ ನಿದ್ದೆ ಬರುವುದಿಲ್ಲ. ತಮಿಳರ ಖಾತೆಯಲ್ಲಿ ಈ ಮನುಷ್ಯ ಎಲ್ಲಿಂದಲೋ ಬಂದು ಎಲ್ಲಿಗೋ ಹೋದವನು. ನಮ್ಮ ಖಾತೆಯಲ್ಲಿ ‘ಕುಮಾರತ್ರಯ’ ಎನ್ನುವ ಸಮಾಸದೊಳಗೆ ರಾಜ್, ಉದಯ್ ಆದ ಮೇಲೆ ಬರುವ ಮೂರನೆಯ ಹೆಸರು. ಈ ವಿಷಯವನ್ನು ಕೆದಕಲು ಹೊರಟಿದ್ದು ಅಷ್ಟಕ್ಕೇ.

1954ರಿಂದ ಆರಂಭಿಸೋಣ. ಆ ವರ್ಷ ಎಚ್.ಎಲ್.ಎನ್. ಸಿಂಹ ಅವರ ‘ಬೇಡರ ಕಣ್ಣಪ್ಪ’ದಲ್ಲಿ ಮುತ್ತುರಾಜ್ ಎಂಬ ರಂಗನಟ ರಾಜ್‌ಕುಮಾರ್ ಆದರು. ಅದೇ ವರ್ಷ ‘ನಟಶೇಖರ’ ಚಿತ್ರದಲ್ಲಿ ಕಲ್ಯಾಣ್ ಕುಮಾರ್ ನಾಯಕರಾದರು. ಇಬ್ಬರೂ ಹೆಚ್ಚುಕಡಿಮೆ ಒಂದೇ ವಯಸ್ಸಿನವರು. ಎರಡು ವರ್ಷ ಕಳೆದು, 1956ರಲ್ಲಿ ‘ಭಾಗ್ಯೋದಯ’ದ ಮೂಲಕ ಉದಯ್ ಕುಮಾರ್ ಬಂದರು. ಮುಂದಿನ ಹತ್ತು ಹನ್ನೆರಡು ವರ್ಷ ಕನ್ನಡ ಚಿತ್ರದ ನಾಯಕ ಯಾರು ಎಂದರೆ ಈ ಮೂವರಲ್ಲಿ ಒಬ್ಬರು ಎನ್ನುವಂತಾಯಿತು. ಯಾರು ಮೊದಲು, ಯಾರು ಕಡೆ ಎನ್ನುವುದು ಆಗ ತೀರ್ಮಾನವಾಗಿರಲಿಲ್ಲ. 1957ರ ‘ರಾಯರ ಸೊಸೆ’ಯಲ್ಲಿ ರಾಜ್ ಮತ್ತು ಕಲ್ಯಾಣ್ ಇಬ್ಬರೂ ಇದ್ದಾರೆ. ಇಂದಿನ ಕಣ್ಣಿನಿಂದ ಅದನ್ನು ನೋಡುವವರು ರಾಜ್‌ಕುಮಾರ್ ಬಂದ ಕೂಡಲೇ ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ. ಅಂದಿನವರು ಹಾಗೆ ಕೂತಿರಲಾರರು.

ಈ ಚಿತ್ರಗಳು ತಯಾರಾದದ್ದು ಎಲ್ಲಿ? ಇಲ್ಲಿಯೇ ಅಪ್ಪನ ತೀರ್ಪು ಸಡಿಲವಾಗುವುದು. ಮೈಸೂರಿನಲ್ಲಿ ನವಜ್ಯೋತಿ ಸ್ಟುಡಿಯೋ ಇತ್ತು, ಶಂಕರ್ ಸಿಂಗ್ ಅವರ ಮಹಾತ್ಮ ಪಿಕ್ಚರ್ಸ್ ಇತ್ತು, ಆಮೇಲೆ ಪ್ರೀಮಿಯರ್ ಸ್ಟುಡಿಯೋ ಬಂತು. ಆದರೂ ಕನ್ನಡ ಚಿತ್ರರಂಗದ ದೊಡ್ಡ ಪಾಲು ನಡೆಯುತ್ತಿದ್ದದ್ದು ಮದ್ರಾಸಿನ ಕೋಡಂಬಾಕ್ಕಂ, ವಡಪಳನಿಗಳಲ್ಲಿ. ಎವಿಎಂ, ವಾಹಿನಿ, ವಿಕ್ರಂ ಸ್ಟುಡಿಯೋಗಳ ಫ್ಲೋರುಗಳಲ್ಲಿ. ‘ಬೇಡರ ಕಣ್ಣಪ್ಪ’ ಕೂಡ ಗುಬ್ಬಿ ವೀರಣ್ಣನವರ ಸಂಸ್ಥೆ ಮತ್ತು ಎವಿಎಂ ಜೊತೆ ಸೇರಿ ತೆಗೆದದ್ದೇ. ಕ್ಯಾಮೆರಾ, ಧ್ವನಿಮುದ್ರಣ, ಪ್ರಯೋಗಾಲಯ, ವಾದ್ಯವೃಂದ, ಮೇಕಪ್, ಬಡಗಿ, ದರ್ಜಿ ಎಲ್ಲರೂ ಅಲ್ಲಿದ್ದರು. ಫ್ಲೋರನ್ನು ಪಾಳಿಯ ಲೆಕ್ಕದಲ್ಲಿ ಬಾಡಿಗೆಗೆ ಹಿಡಿಯಬೇಕು. ನಟರ ಸಮಯವೂ ಪಾಳಿಯ ಲೆಕ್ಕವೇ. ಅದಕ್ಕೆ ಕಾಲ್‌ಶೀಟ್ ಎಂದು ಹೆಸರು. ಒಂದು ಪಾಳಿ ತಡವಾದರೆ ಫ್ಲೋರಿನ ಬಾಡಿಗೆ ಓಡುತ್ತಲೇ ಇರುತ್ತದೆ, ಹಣ ಕೊಟ್ಟ ಹಂಚಿಕೆದಾರನ ಬಡ್ಡಿಯೂ ಓಡುತ್ತಿರುತ್ತದೆ.

ಈ ಖರ್ಚು ತಮಿಳು ಚಿತ್ರಕ್ಕೂ ಅದೇ, ಕನ್ನಡ ಚಿತ್ರಕ್ಕೂ ಹೆಚ್ಚುಕಡಿಮೆ ಅದೇ. ಫಿಲಂ ಸುರುಳಿಗೆ ಭಾಷೆ ಗೊತ್ತಿಲ್ಲ. ಆದರೆ ಹುಟ್ಟುವಳಿ? 1956ರ ನವೆಂಬರ್ 1ರವರೆಗೆ ಕನ್ನಡ ನಾಡು ಮೈಸೂರು, ಮುಂಬಯಿ, ಹೈದರಾಬಾದ್, ಮದ್ರಾಸ್, ಕೊಡಗು ಎಂದು ಹರಿದುಹೋಗಿತ್ತು. ಬೇರೆ ಬೇರೆ ಸರ್ಕಾರ, ಬೇರೆ ಬೇರೆ ಮನರಂಜನಾ ತೆರಿಗೆ. ಹುಬ್ಬಳ್ಳಿ, ಬೆಳಗಾವಿಯ ಟಾಕೀಸುಗಳಲ್ಲಿ ಹಿಂದಿ ಮತ್ತು ಮರಾಠಿ, ಬಳ್ಳಾರಿ, ಕೋಲಾರದಲ್ಲಿ ತೆಲುಗು, ಬೆಂಗಳೂರು ದಂಡಿನಲ್ಲಿ ತಮಿಳು. ಏಕೀಕರಣವಾದರೂ ಟಾಕೀಸಿನ ಅಭ್ಯಾಸ ಒಂದು ದಿನದಲ್ಲಿ ಬದಲಾಗುವುದಿಲ್ಲ. ಹಾಗಾಗಿ ಕನ್ನಡದಲ್ಲಿ ಒಳ್ಳೆಯ ವರ್ಷವೆಂದರೆ ಹತ್ತು ಹನ್ನೆರಡು ಚಿತ್ರ, ಕೆಟ್ಟ ವರ್ಷವೆಂದರೆ ಅದರ ಅರ್ಧ. ಮೂವರು ನಾಯಕರಿಗೆ ಇದನ್ನು ಹಂಚಿ ನೋಡಿ. ಒಬ್ಬ ನಟ ವರ್ಷಪೂರ್ತಿ ಸಂಸಾರ ನಡೆಸುವಷ್ಟು ಕಾಲ್‌ಶೀಟು ಅದರಲ್ಲಿ ಹುಟ್ಟುವುದಿಲ್ಲ.

ನಾನಿರುವ ಈ ಜಾಗಕ್ಕೂ ಸ್ಟುಡಿಯೋಗಳಿಗೂ ಹಳೆಯ ನಂಟು ಇದೆ ಎನ್ನುವುದು ಇಲ್ಲಿಗೆ ಬಂದ ಮೇಲೆಯೇ ನನಗೆ ತಿಳಿದದ್ದು. ಎಡಿಸನ್ ತನ್ನ ಮೊದಲ ಚಿತ್ರಶಾಲೆ ಕಟ್ಟಿದ್ದು 1893ರಲ್ಲಿ, ನಮ್ಮ ಮನೆಯಿಂದ ಮುಕ್ಕಾಲು ಗಂಟೆ ದಾರಿಯ ವೆಸ್ಟ್ ಆರೆಂಜಿನಲ್ಲಿ. ಹಾಲಿವುಡ್ ಹಾಲಿವುಡ್ ಆಗುವ ಮೊದಲು ಹಡ್ಸನ್ ನದಿಯ ದಡದ ಫೋರ್ಟ್ ಲೀ ಊರಿನಲ್ಲಿ ಸಾಲು ಸಾಲು ಸ್ಟುಡಿಯೋಗಳಿದ್ದವು. ಚಳಿಗಾಲ, ಕಲ್ಲಿದ್ದಲಿನ ಕೊರತೆ, ಕ್ಯಾಲಿಫೋರ್ನಿಯಾದ ಬಿಸಿಲು ಎಲ್ಲ ಸೇರಿ ಅವೆಲ್ಲ ಪಶ್ಚಿಮಕ್ಕೆ ಎದ್ದುಹೋದವು. ಆದರೆ ಅವು ಮೂಕಿ ಚಿತ್ರಗಳು. ಜರ್ಸಿ ಬಿಟ್ಟು ಹೊರಟ ಯಾವ ನಟನೂ ಬಾಯಿಯ ಭಾಷೆ ಬಿಡಬೇಕಾಗಿ ಬರಲಿಲ್ಲ. ಕೋಡಂಬಾಕ್ಕಂನ ಕನ್ನಡಿಗರ ಕಷ್ಟವೇ ಬೇರೆ. ಅವರು ತಮ್ಮ ಭಾಷೆಯ ಚಿತ್ರವನ್ನು ಇನ್ನೊಂದು ಭಾಷೆಯ ಊರಿನಲ್ಲಿ ಬಾಡಿಗೆಗೆ ಇದ್ದುಕೊಂಡು ತೆಗೆಯುತ್ತಿದ್ದರು. ಕನ್ನಡ ಚಿತ್ರರಂಗದ ಮೊದಲ ದೊಡ್ಡ ತಲೆಮಾರು ಎಂದರೆ, ನನ್ನ ದೃಷ್ಟಿಯಲ್ಲಿ, ಒಂದು ವಲಸಿಗರ ಕಾಲೊನಿ.

ಈ ಕಾಲೊನಿಯಲ್ಲಿ ಬರಗಾಲ ಬಂದಾಗ ಯಾರು ಏನು ಮಾಡಿದರು ಎನ್ನುವುದೇ ಮುಖ್ಯ. ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಸೇರಿ ಕನ್ನಡ ಕಲಾವಿದರ ಸಂಘ ಕಟ್ಟಿಕೊಂಡು ಊರೂರು ತಿರುಗಿ ನಾಟಕ ಆಡಿದರು, 1960ರಲ್ಲಿ ‘ರಣಧೀರ ಕಂಠೀರವ’ವನ್ನು ತಾವೇ ತಯಾರಿಸಿದರು. ಇದು ನಮ್ಮ ಚಿತ್ರರಂಗದ ಪುಣ್ಯಕಥೆ, ಹೇಳಿದಷ್ಟೂ ಸಾಲದು. ಆದರೆ ನಾಟಕ ಕಂಪನಿಯ ಅನ್ನ ಉಂಡು ಬೆಳೆದವರಿಗೆ ಆ ದಾರಿ ಕೈಗೆಟುಕುವಂತಿತ್ತು. ರಾತ್ರಿಯಿಡೀ ಸಾವಿರ ಜನಕ್ಕೆ ಕೇಳುವ ಕಂಠ, ಹಾಡು, ವೃತ್ತಿರಂಗದ ಸಂಪರ್ಕ ಅವರಿಗಿತ್ತು. ಕಲ್ಯಾಣ್ ಕುಮಾರ್ ಅವರ ಗುಣವೇ ಬೇರೆ. ಅವರದು ಕ್ಯಾಮೆರಾ ಹತ್ತಿರ ಬಂದಷ್ಟೂ ಬೆಳಗುವ ಮುಖ, ತಗ್ಗಿಸಿದ ದನಿ, ಮಾತಿನ ನಡುವೆ ಒಂದು ಕ್ಷಣ ನಿಲ್ಲುವ ಅಭ್ಯಾಸ. ಕಂಪನಿ ನಾಟಕದ ದೊಡ್ಡ ಆಸ್ತಿಯಾಗಿದ್ದ ‘ಸದಾರಮೆ’ಯ 1956ರ ಚಿತ್ರದಲ್ಲಿ ಅವರು ನಾಯಕ. ಆ ಚಿತ್ರದಲ್ಲೂ ಅವರು ಕಂಪನಿ ನಟನ ಹಾಗೆ ಕಾಣುವುದಿಲ್ಲ, ಪಕ್ಕದ ಮನೆಯ ಓದಿದ ಹುಡುಗನ ಹಾಗೆ ಕಾಣುತ್ತಾರೆ. ಪೌರಾಣಿಕಕ್ಕೆ ಇದು ಕೊರತೆ. ಪ್ರೇಮಕಥೆಗೆ ಇದೇ ಬಂಡವಾಳ.

ಆ ಬಂಡವಾಳಕ್ಕೆ ಬೆಲೆ ಕಟ್ಟಿದವರು ತಮಿಳಿನ ಶ್ರೀಧರ್. 1962ರ ‘ನೆಂಜಿಲ್ ಓರ್ ಆಲಯಂ’ ಬಹುತೇಕ ಒಂದೇ ಆಸ್ಪತ್ರೆಯ ಸೆಟ್ಟಿನೊಳಗೆ ನಡೆಯುತ್ತದೆ. ಒಂದು ತಿಂಗಳೊಳಗೆ ಚಿತ್ರೀಕರಣ ಮುಗಿಸಿದರು. ಲೆಕ್ಕಿಗನಾಗಿ ಇದಕ್ಕೆ ನಾನು ಟೊಪ್ಪಿಗೆ ತೆಗೆಯುತ್ತೇನೆ. ಕ್ಯಾನ್ಸರ್ ರೋಗಿಯಾಗಿ ಮುತ್ತುರಾಮನ್, ಅವನ ಹೆಂಡತಿಯಾಗಿ ದೇವಿಕಾ, ಅವಳ ಹಳೆಯ ಪ್ರೇಮಿಯೇ ಆದ ಡಾಕ್ಟರ್ ಮುರಳಿಯಾಗಿ ಕಲ್ಯಾಣ್ ಕುಮಾರ್. ಗಂಡ ಸತ್ತರೆ ಪ್ರೇಮಿಗೆ ದಾರಿ ತೆರೆಯುತ್ತದೆ. ಆದರೆ ಅವನನ್ನು ಉಳಿಸಬೇಕಾದವನೂ ಆ ಪ್ರೇಮಿಯೇ. ಗಂಡ ಉಳಿಯುತ್ತಾನೆ, ಡಾಕ್ಟರು ಹೋಗಿಬಿಡುತ್ತಾನೆ. ಇಂಥ ಪಾತ್ರ ಸ್ವಲ್ಪ ಜಾರಿದರೂ ನಗೆಪಾಟಲು. ಕಲ್ಯಾಣ್ ಕುಮಾರ್ ಅದನ್ನು ದೊಡ್ಡ ಮಾತಿಲ್ಲದೆ, ಬಹುಪಾಲು ಕಣ್ಣಿನಲ್ಲೇ ಮಾಡಿದ್ದಾರೆ. ಅವರ ಮೇಲೆ ಚಿತ್ರಿಸಿದ, ಎ.ಎಲ್. ರಾಘವನ್ ಹಾಡಿದ ಗೀತೆಯನ್ನು ತಮಿಳರು ಇಂದಿಗೂ ಗುನುಗುತ್ತಾರೆ. ಆ ವರ್ಷದ ಅತ್ಯುತ್ತಮ ತಮಿಳು ಚಿತ್ರಕ್ಕೆ ಕೊಡುವ ರಾಷ್ಟ್ರಪತಿಗಳ ಬೆಳ್ಳಿ ಪದಕ ಇದಕ್ಕೇ ಬಂತು. ಮರುವರ್ಷ ಶ್ರೀಧರ್ ಇದನ್ನೇ ‘ದಿಲ್ ಏಕ್ ಮಂದಿರ್’ ಎಂದು ಹಿಂದಿಯಲ್ಲಿ ತೆಗೆದಾಗ ಡಾಕ್ಟರ ಕೋಟು ರಾಜೇಂದ್ರ ಕುಮಾರ್ ಪಾಲಾಯಿತು. 1977ರಲ್ಲಿ ಅದೇ ಕಥೆ ‘ಕುಂಕುಮ ರಕ್ಷೆ’ಯಾಗಿ ಕನ್ನಡಕ್ಕೂ ಬಂತು, ಡಾಕ್ಟರಿಗೆ ಬೇರೆ ಮುಖ. ಕನ್ನಡದವನೊಬ್ಬ ತಮಿಳಿನಲ್ಲಿ ಮಾಡಿದ್ದನ್ನು ಕನ್ನಡ ಹದಿನೈದು ವರ್ಷದ ನಂತರ ರೀಮೇಕ್ ಎಂದು ಕೊಂಡುಕೊಂಡಿತು!

ಅದೇ 1962ರಲ್ಲಿ ಎಂಜಿಆರ್ ನಾಯಕರಾಗಿದ್ದ ‘ಪಾಸಂ’, 1963ರಲ್ಲಿ ಶ್ರೀಧರ್ ಅವರದೇ ಪುನರ್ಜನ್ಮದ ಕಥೆ ‘ನೆಂಜಂ ಮರಪ್ಪದಿಲ್ಲೈ’. ಹಾಗೆಂದು ಕನ್ನಡ ಬಿಟ್ಟಿದ್ದರೇ? ಜಿ.ವಿ. ಅಯ್ಯರ್ ‘ಭೂದಾನ’ದಲ್ಲಿ ಮೂವರು ಕುಮಾರರನ್ನೂ ಒಂದೇ ಪರದೆಯ ಮೇಲೆ ತಂದದ್ದೂ 1962ರಲ್ಲೇ. ಒಬ್ಬ ಮನುಷ್ಯ ಒಂದೇ ವರ್ಷದಲ್ಲಿ ಕನ್ನಡದ ಬಡ ರೈತರ ಕಥೆಯಲ್ಲೂ ತಮಿಳಿನ ಆಸ್ಪತ್ರೆಯಲ್ಲೂ ಇದ್ದ. “ತಮಿಳಿಗೆ ಹೋದ” ಎನ್ನುವಾಗ ನಮ್ಮ ಕಣ್ಣ ಮುಂದೆ ಬರುವುದು ಬೆಂಗಳೂರು ಬಿಟ್ಟು ರೈಲು ಹತ್ತಿದ ಚಿತ್ರ. ನಿಜದಲ್ಲಿ ಎಲ್ಲರೂ ಮೊದಲೇ ಮದ್ರಾಸಿನಲ್ಲಿದ್ದರು. ರಾಜ್‌ಕುಮಾರ್ ಕೂಡ ಬಹುಕಾಲ ಅಲ್ಲೇ ಮನೆ ಮಾಡಿದ್ದರು. ಕಲ್ಯಾಣ್ ಕುಮಾರ್ ಮಾಡಿದ್ದು ಪಕ್ಕದ ಫ್ಲೋರಿಗೆ ಹೋದದ್ದು, ಅಷ್ಟೇ.

ಹೀಗೆ ಪಕ್ಕದ ಫ್ಲೋರಿಗೆ ಹೋದ ನಟಿಯರನ್ನು ನಾವು ಏನನ್ನೂ ಕೇಳಲಿಲ್ಲ ಎನ್ನುವುದು ನನ್ನ ತಕರಾರು. ಪಂಡರಿಬಾಯಿ, ಬಿ. ಸರೋಜಾದೇವಿ, ಸೌಕಾರ್ ಜಾನಕಿ ಎಲ್ಲರೂ ಮೂರು ನಾಲ್ಕು ಭಾಷೆಗಳಲ್ಲಿ ಓಡಾಡಿದರು. ಸರೋಜಾದೇವಿ ಅವರನ್ನು ತಮಿಳರು ‘ಕನ್ನಡದ ಗಿಳಿ’ ಎಂದೇ ಮುದ್ದಿನಿಂದ ಕರೆದರು, ನಾವು ‘ಅಭಿನಯ ಸರಸ್ವತಿ’ ಎಂದೆವು. ಎರಡೂ ಕಡೆ ಜಮಾ. ನಾಯಕನಿಗೆ ಮಾತ್ರ ಆ ಸೌಲಭ್ಯವಿಲ್ಲ. ಯಾಕೆ ಎಂಬುದಕ್ಕೆ ಉತ್ತರ 1964ರ ಒಂದು ಚಿತ್ರದಲ್ಲಿದೆ.

ಪೂರ್ತಿಯಾಗಿ ವರ್ಣದಲ್ಲಿ ತೆಗೆದ ಮೊದಲ ಕನ್ನಡ ಚಿತ್ರ ‘ಅಮರಶಿಲ್ಪಿ ಜಕಣಾಚಾರಿ’. ತಯಾರಿಸಿ ನಿರ್ದೇಶಿಸಿದವರು ವಿಕ್ರಂ ಸ್ಟುಡಿಯೋದ ಒಡೆಯರು, ಕನ್ನಡಿಗರೇ ಆದ ಬಿ.ಎಸ್. ರಂಗಾ. ವರ್ಣವೆಂದರೆ ದುಬಾರಿ. ಕನ್ನಡದ ಮಾರುಕಟ್ಟೆಯೊಂದೇ ಅದನ್ನು ಹೊರುವಂತಿರಲಿಲ್ಲ. ರಂಗಾ ಅದೇ ವರ್ಷ ತೆಲುಗಿನಲ್ಲಿ ‘ಅಮರಶಿಲ್ಪಿ ಜಕ್ಕನ್ನ’ ತೆಗೆದರು. ಹೋದ ವರ್ಷ, ತೆರಿಗೆಯ ಕೆಲಸವೆಲ್ಲ ಮುಗಿದ ಏಪ್ರಿಲ್ ಕೊನೆಯ ಒಂದು ರಾತ್ರಿ, ನನ್ನ ಎರಡು ಮಾನಿಟರುಗಳಲ್ಲಿ ಎರಡನ್ನೂ ಅಕ್ಕಪಕ್ಕ ಹಾಕಿ ನೋಡಿದೆ. ಕಥೆ ಒಂದೇ, ನಿರ್ದೇಶಕ ಒಬ್ಬರೇ, ಎರಡರಲ್ಲೂ ಅದೇ ಸರೋಜಾದೇವಿ. ಎಡಗಡೆ ಉಳಿ ಹಿಡಿದವರು ಕಲ್ಯಾಣ್ ಕುಮಾರ್, ಬಲಗಡೆ ಅಕ್ಕಿನೇನಿ ನಾಗೇಶ್ವರರಾವ್.

ಕಾಸ್ಟ್ ಅಕೌಂಟಿಂಗ್ ಓದಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಉಳಿದದ್ದೆಲ್ಲ ಜಂಟಿ ವೆಚ್ಚ, ಎರಡು ಭಾಷೆಗೂ ಹಂಚಿಹಾಕಬಹುದು. ಪೂರ್ತಿಯಾಗಿ ಕನ್ನಡದ ತಲೆಯ ಮೇಲೆಯೇ ಬರೆಯಬೇಕಾದ ಬಾಬ್ತು ಎಂದರೆ ನಾಯಕ. ಸ್ಟುಡಿಯೋ ಕಾಲದಲ್ಲಿ ಕನ್ನಡ ಚಿತ್ರವನ್ನು ಕನ್ನಡ ಚಿತ್ರವನ್ನಾಗಿ ಮಾಡುತ್ತಿದ್ದದ್ದು ಮಾತು ಮತ್ತು ನಾಯಕ, ಈ ಎರಡೇ. ಆದ್ದರಿಂದಲೇ ನಾಯಕ ಕದಲಬಾರದು. ಅವನು ಹೊರಗೆ ಕೆಲಸ ಮಾಡಿದರೆ ಅದು ಕೆಲಸವಲ್ಲ, ಪಕ್ಷಾಂತರ. ರಾಜ್‌ಕುಮಾರ್ 1954ರಲ್ಲಿ ತೆಲುಗಿನ ‘ಕಾಳಹಸ್ತಿ ಮಹಾತ್ಮ್ಯಂ’ನಲ್ಲಿ ಬೇಡರ ಕಣ್ಣಪ್ಪನಾದದ್ದು ಬಿಟ್ಟರೆ ಮತ್ತೆ ಬೇರೆ ಭಾಷೆಯಲ್ಲಿ ನಾಯಕರಾಗಲಿಲ್ಲ. 1982ರ ಗೋಕಾಕ್ ಚಳವಳಿಗೆ ಅವರು ಇಳಿದಾಗ ಜನ ಹಿಂದೆ ನಡೆದದ್ದರಲ್ಲಿ ಆ ಮೂರು ದಶಕಗಳ ಠೇವಣಿಯೂ ಇತ್ತು. ಅದು ದೊಡ್ಡ ಆಯ್ಕೆ. ಆದರೆ ಎಲ್ಲರಿಂದಲೂ ಅದೇ ಆಯ್ಕೆಯನ್ನು ವಸೂಲು ಮಾಡಲಾಗದು.

ಜಕಣಾಚಾರಿಯ ಐತಿಹ್ಯ ನಮ್ಮ ತುಮಕೂರು ಕಡೆಯದು. ಗೂಳೂರಿನ ಹತ್ತಿರದ ಕೈದಾಳ ಅವನ ಊರು ಎನ್ನುತ್ತಾರೆ. ಬೇಲೂರಿನ ಶಿಲ್ಪಗಳ ಕೆಳಗೆ ಬಳ್ಳಿಗಾವೆಯ ದಾಸೋಜನಂಥ ಶಿಲ್ಪಿಗಳ ಹೆಸರಿದೆ, ಜಕಣನ ಹೆಸರು ಶಾಸನಕ್ಕಿಂತ ಜನರ ಬಾಯಲ್ಲಿ ಉಳಿದದ್ದು. ಮನೆ ಬಿಟ್ಟು ಹೋಗಿ ಕಲ್ಲಿನಲ್ಲಿ ಮುಳುಗಿದ ಅಪ್ಪ, ಅವನನ್ನು ಕಾಣದೆ ಬೆಳೆದ ಮಗ ಡಂಕಣ, ಅಪ್ಪ ಕೆತ್ತಿದ ವಿಗ್ರಹದೊಳಗೆ ಕಪ್ಪೆಯಿದೆ ಎಂದು ಮಗ ತೋರಿಸಿದ್ದು, ಪಂತ ಸೋತ ಅಪ್ಪ ಕೈ ಕತ್ತರಿಸಿಕೊಂಡದ್ದು. ಚಿಕ್ಕಂದಿನಲ್ಲಿ ನಮಗೆ ಕಪ್ಪೆಯೇ ಕಥೆಯ ಸ್ವಾರಸ್ಯ. ಈಗ ನೋಡುವಾಗ ಅಪ್ಪ ಮನೆ ಬಿಡುವ ಭಾಗದಲ್ಲಿ ನಾನು ಎದ್ದು ಹೋಗಿ ಕಾಫಿ ಮಾಡಿಕೊಂಡು ಬರುತ್ತೇನೆ.

1964ಕ್ಕೆ ತಮಿಳಿನಲ್ಲೂ ಗಾಳಿ ತಿರುಗಿತು. ಅದೇ ಶ್ರೀಧರ್ ‘ಕಾದಲಿಕ್ಕ ನೇರಮಿಲ್ಲೈ’ ಎಂಬ ವರ್ಣಚಿತ್ರದಲ್ಲಿ ರವಿಚಂದ್ರನ್ ಎಂಬ ಹೊಸ ಹುಡುಗನನ್ನು ತಂದರು. ಆಸ್ಪತ್ರೆಯ ಮಬ್ಬು ಬೆಳಕಿನ ವಿರಹಿಗೆ ಬೇಡಿಕೆ ಇಳಿಯಿತು. ಕಲ್ಯಾಣ್ ಕುಮಾರ್ ಕನ್ನಡದಲ್ಲಿ ಹೆಚ್ಚು ಕಾಣತೊಡಗಿದರು. 1966ರಲ್ಲಿ ‘ಲವ್ ಇನ್ ಬೆಂಗಳೂರು’ ತಾವೇ ನಿರ್ದೇಶಿಸಿದರು. ಮೂರ್ತಿರಾಯರ ‘ಆಷಾಢಭೂತಿ’ ನಾಟಕದಿಂದ ಎಂ.ವಿ. ಕೃಷ್ಣಸ್ವಾಮಿ ಮಾಡಿದ ‘ಸುಬ್ಬಾಶಾಸ್ತ್ರಿ’ಯಲ್ಲಿದ್ದರು. ಬೆಂಗಳೂರಿನಲ್ಲಿ ಸರ್ಕಾರದ ಕಂಠೀರವ ಸ್ಟುಡಿಯೋ ಆರಂಭವಾದದ್ದೂ 1966ರಲ್ಲೇ. ಚಿತ್ರರಂಗ ಊರಿಗೆ ಮರಳುವ ಸೂಚನೆ ಕಾಣುತ್ತಿತ್ತು. ಆದರೆ ಅದು ಒಂದು ಸ್ಟುಡಿಯೋದಿಂದ ಇನ್ನೊಂದಕ್ಕೆ ಮರಳಲಿಲ್ಲ, ಬಯಲಿಗೆ ಬಂತು.

1967ರಲ್ಲಿ ಪುಟ್ಟಣ್ಣ ಕಣಗಾಲ್ ಕನ್ನಡದಲ್ಲಿ ತಮ್ಮ ಮೊದಲ ಚಿತ್ರಕ್ಕೆ ತ್ರಿವೇಣಿ ಅವರ ‘ಬೆಳ್ಳಿಮೋಡ’ವನ್ನು ಆರಿಸಿಕೊಂಡು, ಚಿಕ್ಕಮಗಳೂರಿನ ಬೆಟ್ಟಸಾಲಿಗೆ ಕ್ಯಾಮೆರಾ ಹೊತ್ತು ಹೋದರು. ನಾಯಕ ಮೋಹನನಾಗಿ ಕಲ್ಯಾಣ್ ಕುಮಾರ್, ಇಂದಿರೆಯಾಗಿ ಕಲ್ಪನಾ. ಮಂಜು, ಗುಡ್ಡ, ಮರ, ಬೇಂದ್ರೆಯವರ ಪದ್ಯಕ್ಕೆ ವಿಜಯಭಾಸ್ಕರ್ ಸಂಗೀತ. ಫ್ಲೋರಿನ ದೀಪಗಳ ಕೆಳಗೆ ಹದಿಮೂರು ವರ್ಷ ಕಳೆದ ಮುಖ ಬೆಟ್ಟದ ಬೆಳಕಿನಲ್ಲಿ ಸ್ವಲ್ಪ ದಣಿದಂತೆ ಕಾಣುತ್ತದೆ. ಅದೇ ಪಾತ್ರಕ್ಕೆ ಒದಗಿಬಂದಿದೆ.

ಮೋಹನ ಎಂಥವನು? ಎಸ್ಟೇಟಿನ ಒಬ್ಬಳೇ ಮಗಳನ್ನು ಮದುವೆಯಾಗಲು ಒಪ್ಪಿ, ಅವಳ ತಂದೆಯ ಹಣದಲ್ಲಿ ಹೊರದೇಶದಲ್ಲಿ ಓದಿ ಬಂದವನು. ಅಷ್ಟರಲ್ಲಿ ಆ ಮನೆಯಲ್ಲಿ ಗಂಡುಮಗು ಹುಟ್ಟುತ್ತದೆ, ಆಸ್ತಿಯ ಲೆಕ್ಕ ಬದಲಾಗುತ್ತದೆ, ಮೋಹನ ಮದುವೆಗೆ ಹಿಂದೇಟು ಹಾಕುತ್ತಾನೆ. ಖಳನಾಯಕನ ಮೀಸೆಯಿಲ್ಲ, ಕೂಗಾಟವಿಲ್ಲ. ಸಭ್ಯ ದನಿಯಲ್ಲಿ ಕೂಡಿ ಕಳೆಯುವ ಒಬ್ಬ ಓದಿದ ಮನುಷ್ಯ. ಆಮೇಲೆ ಅವನು ಹಾಸಿಗೆ ಹಿಡಿದಾಗ ಇಂದಿರೆಯೇ ಉಪಚರಿಸುತ್ತಾಳೆ. ಅವನ ಮನಸ್ಸು ತಿರುಗುತ್ತದೆ, ಈಗ ಮದುವೆಯಾಗೋಣ ಎನ್ನುತ್ತಾನೆ. ಅವಳು ಒಲ್ಲೆ ಎನ್ನುತ್ತಾಳೆ.

ಅಂದಿನ ಕನ್ನಡದಲ್ಲಿ ಈ ಪಾತ್ರಕ್ಕೆ ಒಪ್ಪಬಲ್ಲ ನಾಯಕರು ಎಷ್ಟಿದ್ದರು? ರಾಜ್‌ಕುಮಾರ್ ಮಾಡಿದ್ದರೆ ಜನ ಇಂದಿರೆಯ ಮೇಲೆ ಮುನಿಸಿಕೊಳ್ಳುತ್ತಿದ್ದರು. ಉದಯ್ ಕುಮಾರ್ ಮಾಡಿದ್ದರೆ ಮೊದಲ ದೃಶ್ಯದಲ್ಲೇ ಮೋಸಗಾರನೆಂದು ಗುರುತಿಸುತ್ತಿದ್ದರು. ಕಲ್ಯಾಣ್ ಕುಮಾರ್ ಮುಖದಲ್ಲಿ ಎರಡೂ ಇತ್ತು. ಪ್ರೀತಿಸಬಲ್ಲವನು, ಲೆಕ್ಕ ಹಾಕಲೂ ಬಲ್ಲವನು. ತಮಿಳಿನಲ್ಲಿ ತ್ಯಾಗದ ಡಾಕ್ಟರಾಗಿದ್ದ ಅದೇ ಕಣ್ಣುಗಳು ಇಲ್ಲಿ ಎಸ್ಟೇಟಿನ ಎಕರೆ ಎಣಿಸುತ್ತವೆ. ಇವೆರಡನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದವರು ಅವರನ್ನು ಮೂರನೆಯವನೆಂದು ಕರೆಯುವುದಿಲ್ಲ.

ಆದರೆ ‘ಬೆಳ್ಳಿಮೋಡ’ ಗೆದ್ದಾಗ ಗೆದ್ದವರು ಪುಟ್ಟಣ್ಣ ಮತ್ತು ಕಲ್ಪನಾ. ಮುಂದಿನ ಹತ್ತು ವರ್ಷದ ಪುಟ್ಟಣ್ಣನವರ ಚಿತ್ರಗಳು ನಾಯಕಿಯರವು. ನಾಯಕರ ಚಿತ್ರಗಳು ರಾಜ್‌ಕುಮಾರ್ ಅವರವು. 1968ರಲ್ಲಿ ‘ಭಾಗ್ಯದ ಬಾಗಿಲು’ ಅವರ ನೂರನೆಯ ಚಿತ್ರವಾಗಿ ಬಂತು. ಪ್ರೇಮಕಥೆಯ ಮಧ್ಯವಯಸ್ಕ ನಾಯಕನಿಗೆ ನಡುವೆ ಜಾಗ ಉಳಿಯಲಿಲ್ಲ. ಕಲ್ಯಾಣ್ ಕುಮಾರ್ ಪೋಷಕ ಪಾತ್ರಗಳಿಗೆ ಸರಿದರು. 1999ರಲ್ಲಿ ಅವರು ತೀರಿಕೊಂಡಾಗ ನಾನು ಬೆಂಗಳೂರಿನಲ್ಲಿ ಆರ್ಟಿಕಲ್‌ಶಿಪ್ ಮಾಡುತ್ತಿದ್ದೆ. ಊರಿನಿಂದ ಅಪ್ಪ ಫೋನು ಮಾಡಿ, ಪೇಪರಿನಲ್ಲಿ ನೋಡಿದೆಯಾ, ‘ಬೆಳ್ಳಿಮೋಡ’ದ ಮೋಹನ ಹೋಗಿಬಿಟ್ಟ ಎಂದರು. ತಮಿಳಿನ ಮಾತು ಅಂದು ಅವರು ಎತ್ತಲಿಲ್ಲ.